ಎತ್ತಿ ನೋಡಲಾಗದ ನೆಲ ದೋಣಿಗೆ ಬೇಡ

ಹಳೆಯ ಮೋಟಾರ್ ಬೋಟಿನ ನೆಲ ಬದಲಿಸಲು ಹೊರಟವರು ಮೊದಲು ಕೇಳುವುದು ಮೇಲಿನ ಹಾಸಿನ ವಿಚಾರ. ಕಾರ್ಪೆಟ್ ಸಾಕೇ, ವಿನೈಲ್ ಹಾಕಿಸಬೇಕೇ, ಈಚೆಗೆ ಎಲ್ಲರೂ ಅಂಟಿಸಿಕೊಳ್ಳುತ್ತಿರುವ ಫೋಮ್ ಹಾಳೆ ಒಳ್ಳೆಯದೇ, ದುಡ್ಡಿದ್ದವರಾದರೆ ತೇಗವೇ? ಮಾರುವವರಿಗೂ ಈ ಪ್ರಶ್ನೆಯೇ ಅನುಕೂಲ. ಬಣ್ಣಬಣ್ಣದ ಮಾದರಿ ತುಂಡುಗಳನ್ನು ಮುಂದೆ ಹರಡಿ, ಬೂದು ಒಪ್ಪುತ್ತದೋ ಮರಳಿನ ಬಣ್ಣ ಒಪ್ಪುತ್ತದೋ ಎಂದು ಕೇಳಿದರೆ ಅರ್ಧ ವ್ಯಾಪಾರ ಮುಗಿದ ಹಾಗೆ. ನನ್ನ ವಾದ ಬೇರೆ. ದೋಣಿಯ ನೆಲದ ಆಯ್ಕೆಯಲ್ಲಿ ಹಾಸಿನ ಮಾತು ಬರಬೇಕಾದ್ದು ಕಟ್ಟಕಡೆಗೆ. ಮೊದಲು ಕೇಳಬೇಕಾದ್ದು, ಈ ನೆಲವನ್ನು ಬೇಕೆಂದಾಗ ಎತ್ತಿ ಕೆಳಗೆ ಏನಾಗಿದೆ ಎಂದು ನೋಡಲು ಬರುತ್ತದೆಯೇ ಎಂದು. ಬಾರದಿದ್ದರೆ ಎಷ್ಟೇ ಬೆಲೆಯ ಹಾಸು ತಂದು ಹಾಕಿದರೂ ಕೆಳಗಿನ ಕೊಳೆತವನ್ನು ಇನ್ನಷ್ಟು ವರ್ಷ ಕಣ್ಣಿಗೆ ಬೀಳದಂತೆ ಇಡುವುದಷ್ಟೇ ಅದರಿಂದ ಆಗುವ ಕೆಲಸ.

ಈ ತಾಪತ್ರಯ ಹೆಚ್ಚಾಗಿ ಕಾಣುವುದು ಅಮೆರಿಕದಲ್ಲಿ. ಮಿನ್ನೆಸೋಟ, ಮಿಷಿಗನ್, ವಿಸ್ಕಾನ್ಸಿನ್‌ನಂಥ ಸರೋವರಗಳ ರಾಜ್ಯಗಳಲ್ಲಿ ಮನೆ ಪಕ್ಕದಲ್ಲಿ ಟ್ರೇಲರ್ ಮೇಲೆ ದೋಣಿ ನಿಂತಿರುವುದು ನಮ್ಮಲ್ಲಿ ಅಂಗಳದಲ್ಲಿ ಬೈಕು ನಿಂತಿರುವಷ್ಟೇ ಸಾಮಾನ್ಯ. 1970 ಮತ್ತು 80ರ ದಶಕಗಳಲ್ಲಿ ತಯಾರಾದ ಫೈಬರ್‌ಗ್ಲಾಸ್ ದೋಣಿಗಳು ಅಲ್ಲಿ ಇನ್ನೂ ಕೈ ಬದಲಾಯಿಸುತ್ತಿವೆ. ಫೈಬರ್‌ಗ್ಲಾಸ್ ತುಕ್ಕು ಹಿಡಿಯುವುದಿಲ್ಲ, ಹುಳು ತಿನ್ನುವುದಿಲ್ಲ. ನಲವತ್ತು ವರ್ಷವಾದರೂ ದೋಣಿಯ ಒಡಲು ಗಟ್ಟಿಯಾಗಿಯೇ ಇರುತ್ತದೆ. ಆದರೆ ಆ ಕಾಲದ ಬಹುಪಾಲು ದೋಣಿಗಳಲ್ಲಿ ಒಡಲಿನ ಒಳಗೆ ಉದ್ದಕ್ಕೆ ಹಾಯುವ ತೊಲೆಗಳು ಮರದವು, ಅದರ ಮೇಲಿನ ನೆಲ ಪ್ಲೈವುಡ್‌ನದು. ಹೊರಗಿನಿಂದ ತೆಳ್ಳಗೆ ಒಂದು ಪದರ ಗ್ಲಾಸ್ ಮ್ಯಾಟ್ ಮತ್ತು ರೆಸಿನ್ ಬಳಿದಿರುತ್ತಾರೆ. ಎಷ್ಟೋ ಕಡೆ ಹಲಗೆಯ ಮೇಲ್ಮೈಗೆ ಮಾತ್ರ ಬಳಿದು, ಕೆಳಮೈಯನ್ನೂ ಕತ್ತರಿಸಿದ ಅಂಚನ್ನೂ ಹಾಗೇ ಬಿಟ್ಟಿರುತ್ತಾರೆ. ಕಣ್ಣಿಗೆ ಕಾಣದ ಕಡೆ ಕೂಲಿ ಉಳಿಸುವುದು ಎಲ್ಲ ದೇಶದ ಕಾರ್ಖಾನೆಗಳಿಗೂ ಗೊತ್ತಿರುವ ವಿದ್ಯೆ. ಹೀಗಾಗಿ ದೀರ್ಘಾಯುಷಿಯಾದ ಒಡಲಿನೊಳಗೆ ಅಲ್ಪಾಯುಷಿಯಾದ ನೆಲ ಕೂತಿದೆ. ಒಂದು ದೋಣಿಯ ಬಾಳಿನಲ್ಲಿ ನೆಲ ಒಂದೆರಡು ಸಲವಾದರೂ ಬದಲಾಗಲೇಬೇಕು.

ನೆಲ ಮತ್ತು ಒಡಲಿನ ನಡುವಿನ ಜಾಗದಲ್ಲಿ ಇನ್ನೊಂದು ವಸ್ತುವಿದೆ, ಪಾಲಿಯುರೆಥೇನ್ ಫೋಮ್. ಅದು ಅಲ್ಲಿಗೆ ಬಂದದ್ದು ಒಳ್ಳೆಯ ಕಾರಣಕ್ಕೇ. 1971ರಲ್ಲಿ ಅಮೆರಿಕ ದೋಣಿ ಸುರಕ್ಷತಾ ಕಾಯ್ದೆ ಮಾಡಿತು. ಅದರಡಿ ಬಂದ ನಿಯಮಗಳ ಪ್ರಕಾರ 20 ಅಡಿಗಿಂತ ಚಿಕ್ಕದಾದ ಸಾಮಾನ್ಯ ಮೋಟಾರ್ ಬೋಟು ಒಳಗೆಲ್ಲ ನೀರು ತುಂಬಿದರೂ ಪೂರ್ತಿ ಮುಳುಗದೆ ತೇಲುತ್ತಿರಬೇಕು. ತಯಾರಕರು ಹುಡುಕಿಕೊಂಡ ಸುಲಭದ ದಾರಿಯೆಂದರೆ ನೆಲದ ಕೆಳಗಿನ ಖಾಲಿ ಜಾಗಕ್ಕೆ ದ್ರವರೂಪದ ಫೋಮ್ ಸುರಿದು ಅದು ಉಬ್ಬಿ ಗಟ್ಟಿಯಾಗಲು ಬಿಡುವುದು. ಒಂದು ಘನ ಅಡಿ ಫೋಮ್ ತೂಗುವುದು ಒಂದು ಕಿಲೋಗಿಂತ ತುಸು ಕಡಿಮೆ, ತೇಲಿಸುವುದು ಸುಮಾರು 28 ಕಿಲೋ ನೀರಿನ ತೂಕದಷ್ಟು. ಲೆಕ್ಕ ಚೆನ್ನಾಗಿದೆ. ಎಡವಟ್ಟು ಎಲ್ಲಿ ಎಂದರೆ, ಮೂಲೆಮೂಲೆಗೂ ಉಬ್ಬಿ ಕೂತ ಫೋಮ್ ನೀರು ಹರಿದು ಹೋಗಬೇಕಾದ ದಾರಿಯನ್ನೂ ಮುಚ್ಚಿಬಿಡುತ್ತದೆ. ಹೊಸದರಲ್ಲಿ ಅದು ನೀರು ಕುಡಿಯುವುದಿಲ್ಲ. ವರ್ಷಗಟ್ಟಲೆ ನೀರಲ್ಲೇ ನೆನೆದು, ಅಲೆಯ ಹೊಡೆತಕ್ಕೆ ಅದುರಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಕರಗಿ ಅದರ ಪುಟ್ಟ ಕೋಶಗಳು ಒಡೆದ ಮೇಲೆ ನಿಧಾನವಾಗಿ ನೀರು ಹಿಡಿಯತೊಡಗುತ್ತದೆ. ಒಮ್ಮೆ ಹಿಡಿದದ್ದನ್ನು ಬಿಡುವುದಿಲ್ಲ. ಬಿಸಿಲಿಗೆ ನಿಲ್ಲಿಸಿದರೂ, ಪಂಪ್ ಓಡಿಸಿದರೂ ಬಿಡುವುದಿಲ್ಲ.

ನೀರು ಬರುವುದಾದರೂ ಎಲ್ಲಿಂದ? ಕೆಳಗಿನ ಸರೋವರದಿಂದ ಎಂದು ಹೆಚ್ಚಿನವರು ತಿಳಿದಿದ್ದಾರೆ. ಒಡಲು ಸೋರುವುದು ಅಪರೂಪ. ಬರುವುದು ಮೇಲಿನಿಂದ: ಮಳೆ, ಅಲೆಯ ತುಂತುರು, ಈಜಿ ಹತ್ತಿದವರ ಒದ್ದೆ ಮೈ, ಮೀನು ಇಡುವ ತೊಟ್ಟಿಯ ಸೋರಿಕೆ. ಅದು ಕೆಳಗಿಳಿಯುವ ದಾರಿ ಸ್ಕ್ರೂ ತೂತು. ಸೀಟಿನ ಕಂಬಕ್ಕೆ ನಾಲ್ಕಾರು ಸ್ಕ್ರೂ, ಪೆಟ್ಟಿಗೆಗಳಿಗೆ ಇನ್ನಷ್ಟು, ಅಂಚಿನ ಪಟ್ಟಿಗೆ ಮತ್ತಷ್ಟು. ಒಂದೊಂದೂ ಗ್ಲಾಸ್ ಪದರವನ್ನು ಸೀಳಿ ಮರದೊಳಗೆ ಹೋಗಿರುತ್ತದೆ. ಮರ ಕೊಳೆಸುವ ಶಿಲೀಂಧ್ರಕ್ಕೆ ಬೇಕಾದ್ದು ತೇವ, ಗಾಳಿ, ಹದವಾದ ಬಿಸಿ. ಮರದ ತೇವಾಂಶ ಶೇಕಡಾ 20ರೊಳಗಿದ್ದರೆ ಅದು ಬೆಳೆಯಲಾರದು. ಪೂರ್ತಿ ನೀರಲ್ಲಿ ಮುಳುಗಿ ಗಾಳಿ ಸಿಗದಿದ್ದರೂ ಬೆಳೆಯಲಾರದು, ಅದಕ್ಕೇ ಕೆರೆಯ ತಳದಲ್ಲಿ ಹೂತ ದಿಮ್ಮಿ ನೂರಾರು ವರ್ಷ ಉಳಿಯುತ್ತದೆ. ಎರಡರ ನಡುವೆ, ಆರದೆಯೂ ಮುಳುಗದೆಯೂ ಇರುವ ಮರವೇ ಅದಕ್ಕೆ ಪ್ರಶಸ್ತ. ದೋಣಿಯ ನೆಲ ಇರುವುದು ಸರಿಯಾಗಿ ಆ ಸ್ಥಿತಿಯಲ್ಲಿ. ಉಪ್ಪುನೀರು ಶಿಲೀಂಧ್ರವನ್ನು ತುಸು ತಡೆಯುತ್ತದೆ, ಮಳೆ ನೀರು ತಡೆಯುವುದಿಲ್ಲ. ಸಮುದ್ರದಲ್ಲಿ ಓಡಿದ ದೋಣಿಗಿಂತ ಮನೆ ಮುಂದೆ ಹರಕು ಟಾರ್ಪಾಲಿನಡಿ ನಿಂತ ದೋಣಿಯ ನೆಲ ಬೇಗ ಕುಂಬಾಗುವುದು ಇದರಿಂದಲೇ.

ಕುಂಬಾದದ್ದು ಹೇಗೆ ಗೊತ್ತಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದರೆ ನನ್ನ ವಾದದ ಬುಡ ಕಾಣುತ್ತದೆ. ಅನುಭವಿ ಕೆಲಸಗಾರ ಮೊದಲು ಸುತ್ತಿಗೆಯ ಹಿಡಿಯಿಂದ ನೆಲವನ್ನು ಗೇಣುಗೇಣಿಗೆ ತಟ್ಟುತ್ತಾ ಹೋಗುತ್ತಾನೆ. ಗಟ್ಟಿ ಹಲಗೆ ಟಣ್ ಎನ್ನುತ್ತದೆ, ಕೊಳೆತದ್ದು ಡಬ್ ಎಂದು ಸುಮ್ಮನಾಗುತ್ತದೆ. ಆಮೇಲೆ ಸೀಟಿನ ಕಂಬದ ಒಂದು ಸ್ಕ್ರೂ ಬಿಚ್ಚುತ್ತಾನೆ. ಸ್ಕ್ರೂ ಬಿಗಿಯಿಲ್ಲದೆ ಬೆರಳಿಗೇ ಬಂದು, ಎಳೆಗಳ ನಡುವೆ ಕಂದು ನೀರು ಅಂಟಿಕೊಂಡಿದ್ದರೆ ಅರ್ಧ ತೀರ್ಮಾನ ಆದಂತೆ. ಅದೇ ತೂತಿನಲ್ಲಿ ಸಣ್ಣ ಡ್ರಿಲ್ ಇಳಿಸಿದರೆ ಆರೋಗ್ಯವಾದ ಪ್ಲೈವುಡ್ ತಿಳಿ ಬಣ್ಣದ ಸುರುಳಿ ಸಿಪ್ಪೆ ಕೊಡುತ್ತದೆ. ಕುಂಬಾದದ್ದು ಕುದಿಸಿ ಹಿಂಡಿದ ಚಹಾಪುಡಿಯಂಥ ಕಪ್ಪು ಹುಡಿಯನ್ನು ಹೊರಗೆ ಹಾಕುತ್ತದೆ, ಜೊತೆಗೆ ಮುಗ್ಗಲು ವಾಸನೆ. ಇಷ್ಟೆಲ್ಲ ಪರೀಕ್ಷೆ ಮೇಲ್ಮೈಯಿಂದ ನಡೆಯುವುದು ಯಾಕೆ? ಕೆಳಗೆ ಕಣ್ಣು ಹಾಯಿಸಲು ದಾರಿಯೇ ಇಲ್ಲದ್ದರಿಂದ. ನೆಲ ಕಾಲಿಗೆ ಮೆತ್ತಗೆ ಸಿಗುವ ಹೊತ್ತಿಗೆ ಕೆಳಗಿನ ತೊಲೆಗೂ ಕೊಳೆ ಇಳಿದಿರುತ್ತದೆ. ನೆಲ ಬದಲಿಸುವುದು ಕೆಲವು ದಿನಗಳ ಕೆಲಸ. ತೊಲೆ ಬದಲಿಸುವುದೆಂದರೆ ದೋಣಿಯನ್ನು ಅರ್ಧಕ್ಕೆ ಬಿಚ್ಚಿದಂತೆ, ಎಂಜಿನ್ ಒಳಗಿರುವ ಬೋಟಾದರೆ ಎಂಜಿನ್ನನ್ನೂ ಎತ್ತಿಡಬೇಕಾದೀತು. ಹಳೆಯ ದೋಣಿಯ ಮಾರುಕಟ್ಟೆ ಬೆಲೆಯನ್ನು ಆ ಖರ್ಚು ದಾಟುವುದು ಅಪರೂಪವಲ್ಲ.

ಕೊಳೆತಕ್ಕಿಂತ ಗಂಭೀರವಾದದ್ದು ತೂಕ. ನೆಲದಡಿಯ ಫೋಮ್ ಮತ್ತು ಮೂಲೆಗಳಲ್ಲಿ ಒಟ್ಟು ಐದು ಘನ ಅಡಿ ನೀರು ಸಿಕ್ಕಿಕೊಂಡಿದೆ ಎಂದಿಟ್ಟುಕೊಳ್ಳಿ. ಹತ್ತಿರ ಹತ್ತಿರ 140 ಕಿಲೋ ಆಯಿತು, ಇಬ್ಬರು ದೊಡ್ಡವರ ತೂಕ. ಅಮೆರಿಕದ ನಿಯಮದಂತೆ 20 ಅಡಿಗಿಂತ ಚಿಕ್ಕ ದೋಣಿಯಲ್ಲಿ ಎಷ್ಟು ಜನ, ಎಷ್ಟು ತೂಕ ಎಂದು ಬರೆದ ಫಲಕ ಇರಲೇಬೇಕು. ಆ ಫಲಕದ ಲೆಕ್ಕ ಕಾರ್ಖಾನೆಯಿಂದ ಹೊರಬಿದ್ದ ಒಣ ದೋಣಿಯದು. ಆರು ಜನ ಎಂದು ಬರೆದ ದೋಣಿಯಲ್ಲಿ ಇಬ್ಬರು ಆಗಲೇ ನೆಲದ ಕೆಳಗೆ ಕೂತಿದ್ದಾರೆ, ಅವರು ಇಳಿಯುವುದೂ ಇಲ್ಲ. ನೀರು ತುಂಬಿದಾಗ ತೇಲಿಸಲೆಂದು ಇಟ್ಟ ಫೋಮ್ ತಾನೇ ನೀರು ಕುಡಿದಿದ್ದರೆ ತೇಲಿಸುವ ಶಕ್ತಿಯೂ ಅಷ್ಟರಮಟ್ಟಿಗೆ ಕಡಿಮೆ. ಹೊಸ ಹಾಸು ಅಂಟಿಸಿದ ದಿನ ಮಾಲೀಕನಿಗೆ ಇದ್ಯಾವುದೂ ಕಾಣುವುದಿಲ್ಲ. ದೋಣಿ ಮೊದಲಿನ ವೇಗಕ್ಕೆ ಏರುತ್ತಿಲ್ಲವೆಂದು ಅವನು ದೂರುವುದು ಎಂಜಿನ್ನನ್ನು.

ಈಗ ಹಾಸುಗಳ ವಿಚಾರಕ್ಕೆ ಬರಬಹುದು. ಕಾರ್ಪೆಟ್ ಎಂದರೆ ಇಲ್ಲಿ ಪಾಲಿಪ್ರೊಪಿಲೀನ್ ನೂಲಿನದು. ನೂಲು ನೀರು ಹೀರುವುದಿಲ್ಲ, ಹುಳು ಹಿಡಿಯುವುದಿಲ್ಲ, ಅಗ್ಗ, ಕಾಲಿಗೆ ಮೆತ್ತಗೆ, ಮೀನುಗಾರರಿಗೆ ಸದ್ದೂ ಕಡಿಮೆ. ಇಷ್ಟು ಗುಣವಿದ್ದೂ, ಪ್ಲೈವುಡ್‌ಗೆ ಅಂಟಿಸಿದ ಕಾರ್ಪೆಟ್ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಕೆಟ್ಟ ಆಯ್ಕೆ. ನೂಲು ಹೀರದಿದ್ದರೂ ನೂಲುಗಳ ನಡುವೆ ನೀರು ನಿಲ್ಲುತ್ತದೆ, ಗಾಳಿಗೆ ಆರಬೇಕಾದ ಹಲಗೆಯನ್ನು ದಿನಗಟ್ಟಲೆ ಒದ್ದೆಯಾಗಿಡುತ್ತದೆ. ಕೆಳಗೆ ಗ್ಲಾಸ್ ಪದರ ಬಿರಿದಿದ್ದರೆ ಬಿರುಕು ಕಾಣುವುದಿಲ್ಲ. ನೆಲ ಹೋಗಿ ಕಾರ್ಪೆಟ್ ಕೀಳಲು ಹೊರಟರೆ ಹಳೆಯ ಅಂಟು ಕೆರೆಯುವುದರಲ್ಲೇ ಒಂದು ದಿನ ಹೋಗುತ್ತದೆ. ಅದೇ ಕಾರ್ಪೆಟ್ಟನ್ನು ಅಂಚು ಹೊಲಿಸಿ, ಒತ್ತುಗುಂಡಿ ಹಾಕಿ, ಬೇಕಾದಾಗ ಕಿತ್ತು ಬೇಲಿಯ ಮೇಲೆ ಒಣಗಿಸುವಂತೆ ಮಾಡಿಸಿದರೆ ಅದರ ಮೇಲಿನ ನನ್ನ ತಕರಾರು ಬಹುಪಾಲು ಕರಗುತ್ತದೆ. ವಸ್ತುವಿನ ಗುಣಕ್ಕಿಂತ ಅದನ್ನು ಹೇಗೆ ಕೂರಿಸಿದ್ದಾರೆ ಎಂಬುದು ಹೆಚ್ಚು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ನೇಯ್ದ ವಿನೈಲ್‌ಗೂ ಇದೇ ಮಾತು. ಅದು ಕಾರ್ಪೆಟ್‌ಗಿಂತ ಗಟ್ಟಿ, ಮೀನಿನ ರಕ್ತ, ಕೆಸರು ಬಿದ್ದರೂ ಪೈಪ್ ನೀರು ಹಾಯಿಸಿದರೆ ತೊಳೆದುಹೋಗುತ್ತದೆ. ಬಿಡಿಯಾಗಿ ಹಾಸಿದರೆ ಉತ್ತಮ, ಅಂಟಿಸಿದರೆ ಮಧ್ಯಮ.

ಸೀಡೆಕ್ ಮುಂತಾದ ಹೆಸರುಗಳಲ್ಲಿ ಬರುವ ಇವಿಎ ಫೋಮ್ ಹಾಳೆಗಳಿಗೆ ಈಗ ಸುಗ್ಗಿ. ಸುಮಾರು 6 ಮಿಲಿಮೀಟರ್ ದಪ್ಪ, ಕೆಳಗೆ ಅಂಟು ಬಳಿದೇ ಬರುತ್ತದೆ, ಕಾಗದ ಸುಲಿದು ಒತ್ತಿದರೆ ಮುಗಿಯಿತು. ಮುಚ್ಚಿದ ಕೋಶಗಳ ಫೋಮ್ ಆದ್ದರಿಂದ ನೀರು ಹೀರುವುದು ಅತ್ಯಲ್ಪ, ಒದ್ದೆ ಕಾಲು ಜಾರುವುದಿಲ್ಲ, ನಿಂತು ನಿಂತು ಮಂಡಿ ನೋಯುವವರಿಗೆ ಹಿತ. ಬಿಸಿಲಲ್ಲಿ ಗಾಢ ಬಣ್ಣದ್ದು ಕಾಯುತ್ತದೆ, ವರ್ಷಗಳ ಮೇಲೆ ಬಣ್ಣ ಮಾಸಿ ಅಂಚು ಕುಗ್ಗುತ್ತದೆ, ಗಾಳ ಬಿದ್ದರೆ ಸೀಳುತ್ತದೆ. ಇವೆಲ್ಲ ಸಹಿಸಿಕೊಳ್ಳಬಹುದಾದ ದೋಷಗಳು. ಗಟ್ಟಿಯಾದ, ನಾಲ್ಕೂ ಕಡೆ ಮುಚ್ಚಿದ ಫೈಬರ್ ನೆಲದ ಮೇಲೆ, ತುಂಡುತುಂಡಾಗಿ, ತೆರೆಯುವ ಮುಚ್ಚಳಗಳನ್ನು ಬಿಟ್ಟು ಅಂಟಿಸಿದರೆ ನನ್ನ ಅಭ್ಯಂತರವಿಲ್ಲ. ಅನುಮಾನದ ಪ್ಲೈವುಡ್ ಮೇಲೆ ಅಂಟಿಸಿದರೆ ಮಾತ್ರ ಹಣ ನೀರಿಗೆ ಹಾಕಿದಂತೆಯೇ. ತೇಗದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ವಿಹಾರ ದೋಣಿಗಳಿಗೆ ಪ್ರತಿಷ್ಠೆಯ ಮರವೆಂದರೆ ಬರ್ಮಾದ್ದು; 2021ರ ಸೇನಾ ದಂಗೆಯ ನಂತರ ಅಮೆರಿಕ ಅಲ್ಲಿನ ಸರ್ಕಾರಿ ಮರಮಟ್ಟು ಸಂಸ್ಥೆಯ ಮೇಲೆ ನಿರ್ಬಂಧ ಹೇರಿದ್ದರಿಂದ ಅದು ದುಡ್ಡಿನ ಪ್ರಶ್ನೆಯಷ್ಟೇ ಆಗಿ ಉಳಿದಿಲ್ಲ. ಹಳೆಯ ಪದ್ಧತಿಯಲ್ಲಿ ತೇಗದ ಪಟ್ಟಿಗಳನ್ನು ಕೆಳಗಿನ ನೆಲಕ್ಕೆ ಸ್ಕ್ರೂ ಹೊಡೆದು ಕೂರಿಸುತ್ತಿದ್ದರು, ಅಂದರೆ ನೂರಾರು ತೂತು. ವಾರಾಂತ್ಯದ ಮೋಟಾರ್ ಬೋಟಿಗೆ ಇದರ ಗೊಡವೆ ಬೇಡ.

ನನ್ನ ಮೊದಲ ಆಯ್ಕೆ ಎಲ್ಲಕ್ಕಿಂತ ಅಗ್ಗವೂ ನೀರಸವೂ ಆದದ್ದು: ಆರೂ ಮೈ ಎಪಾಕ್ಸಿಯಿಂದ ಮುಚ್ಚಿದ ಹಲಗೆ, ಅದರ ಮೇಲೆ ಗ್ಲಾಸ್ ಪದರ, ಅದರ ಮೇಲೆ ಜಾರದಂತೆ ತರಿ ಬೆರೆಸಿದ ಬಣ್ಣ. ಬಣ್ಣ ಬಳಿದ ನೆಲ ಏನನ್ನೂ ಮುಚ್ಚಿಡುವುದಿಲ್ಲ. ಎಲ್ಲಿ ಕೂದಲೆಳೆ ಬಿರುಕು ಬಿತ್ತು, ಯಾವ ಸ್ಕ್ರೂ ಸುತ್ತ ಕಂದು ಕಲೆ ಮೂಡಿತು ಎಂಬುದು ಮೊದಲ ವಾರವೇ ಕಾಣುತ್ತದೆ, ಅಂದೇ ತುಸು ರೆಸಿನ್ ತುಂಬಿದರೆ ಆಯಿತು. ಮೆತ್ತಗೆ ಬೇಕೆನ್ನುವವರು ಮೇಲೆ ಬಿಡಿ ಮ್ಯಾಟ್ ಹಾಸಿಕೊಳ್ಳಲಿ. ಪ್ರತಿ ಸ್ಕ್ರೂ ತೂತನ್ನೂ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ ಒಣಗಿಸಿ, ಅದರೊಳಗೆ ಮತ್ತೆ ಚಿಕ್ಕ ತೂತು ಕೊರೆಯುವ ಕ್ರಮವಿದೆ. ಹಾಗೆ ಮಾಡಿದರೆ ಸ್ಕ್ರೂ ಮರವನ್ನೇ ಮುಟ್ಟುವುದಿಲ್ಲ. ಬೇಸರದ ಕೆಲಸ. ಆದರೆ ಹಾಸಿನ ಬಣ್ಣ ಆರಿಸಲು ವ್ಯಯಿಸುವ ಹೊತ್ತನ್ನು ಇದಕ್ಕೆ ಕೊಟ್ಟರೆ ನೆಲದ ಆಯುಸ್ಸು ಹೆಚ್ಚುವುದು ಖಂಡಿತ.

ಹಲಗೆಯ ಆಯ್ಕೆಯಲ್ಲೂ ಒಂದು ಎಚ್ಚರ ಬೇಕು. ಮರೀನ್ ಪ್ಲೈವುಡ್ ಎಂದ ಕೂಡಲೇ ಅದು ಕೊಳೆಯುವುದಿಲ್ಲ ಎಂಬ ನಂಬಿಕೆಯಿದೆ. ಅಮೆರಿಕದ ಮರೀನ್ ಪ್ಲೈವುಡ್‌ನಲ್ಲಿ ಅಂಟು ನೀರಿಗೆ ಬಿಡುವುದಿಲ್ಲ, ಪದರಗಳ ನಡುವೆ ಟೊಳ್ಳಿರುವುದಿಲ್ಲ. ಮರಕ್ಕೆ ಔಷಧ ಉಣಿಸಿರುವುದಿಲ್ಲ, ಹಾಗಾಗಿ ಮರ ಮರದಂತೆಯೇ ಕೊಳೆಯುತ್ತದೆ. ಬೆಂಗಳೂರಿನ ಅಡುಗೆಮನೆ ಕಪಾಟುಗಳಿಗೆ ಜನ ಕೇಳಿ ತರುವ 710 ಪ್ಲೈ ನಮ್ಮ ಮರೀನ್ ದರ್ಜೆ, ಐಎಸ್ 710. ಅದರ ಅಂಟನ್ನು 72 ಗಂಟೆ ಕುದಿಯುವ ನೀರಲ್ಲಿಟ್ಟು ಪರೀಕ್ಷಿಸುತ್ತಾರೆ, ಪದರಗಳಿಗೆ ಔಷಧವನ್ನೂ ಉಣಿಸಬೇಕೆಂಬ ನಿಯಮವಿದೆ. ಆ ಮಟ್ಟಿಗೆ ಅದು ವಾಸಿ. ಆದರೂ ಕತ್ತರಿಸಿದ ಅಂಚು ತೆರೆದ ಬಾಯಿಯೇ, ಅಲ್ಲಿ ರೆಸಿನ್ ಕುಡಿಸದೆ ಬಿಟ್ಟರೆ ನೀರು ಏರುತ್ತದೆ. ಹಾಗಾದರೆ ಔಷಧ ಉಣಿಸಿದ ಮರವನ್ನೇ ತಂದರಾಯಿತಲ್ಲ ಎಂದು ಅಮೆರಿಕದಲ್ಲಿ ಅನೇಕರು ಅಂಗಡಿಗೆ ಓಡುತ್ತಾರೆ. ಅಲ್ಯೂಮಿನಿಯಂ ದೋಣಿಗೆ ಅದು ದೊಡ್ಡ ಅಪಾಯ. ಮೊದಲು ಬಳಸುತ್ತಿದ್ದ ಸಿಸಿಎ ಎಂಬ ಔಷಧದಲ್ಲಿ ಆರ್ಸೆನಿಕ್ ಇತ್ತು, 2003ರ ಕೊನೆಗೆ ಅದನ್ನು ಮನೆಬಳಕೆಯ ಮರದಿಂದ ಕೈಬಿಟ್ಟರು. ಬದಲಿಗೆ ಬಂದ ಔಷಧಗಳಲ್ಲಿ ತಾಮ್ರದ ಪಾಲು ಹೆಚ್ಚು. ತಾಮ್ರವೂ ಅಲ್ಯೂಮಿನಿಯಮ್ಮೂ ಒದ್ದೆಯಲ್ಲಿ ಒಂದಕ್ಕೊಂದು ತಾಗಿದರೆ ಸವೆಯುವುದು ಅಲ್ಯೂಮಿನಿಯಂ. ಎರಡು ಮೂರು ಅಲ್ಯೂಮಿನಿಯಂ ಕೊಳವೆಗಳ ಮೇಲೆ ಹಲಗೆ ಹಾಸಿ ಮಾಡುವ ಪಾಂಟೂನ್ ದೋಣಿಗೆ ಅಂಥ ಪ್ಲೈವುಡ್ ಹೊದಿಸಿದರೆ ನೆಲ ಉಳಿದು, ಅದನ್ನು ಹೊತ್ತ ಅಡ್ಡಪಟ್ಟಿ ಬಿಳಿ ಪುಡಿಯಾಗಿ ಉದುರಬಹುದು. ಇದೂ ನೆಲ ಎತ್ತಿದರೆ ಮಾತ್ರ ಕಾಣುವ ಸಂಗತಿ.

ನನ್ನ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ತೂಕವಿರುವುದು ಒಂದಕ್ಕೆ. ಫೈಬರ್ ದೋಣಿಯಲ್ಲಿ ನೆಲವೆಂದರೆ ನಿಲ್ಲುವ ಜಾಗ ಮಾತ್ರವಲ್ಲ. ತೊಲೆಗೂ ಒಡಲಿನ ಬದಿಗೂ ಗ್ಲಾಸ್ ಪಟ್ಟಿಯಿಂದ ಬೆಸೆದ ನೆಲ ಇಡೀ ದೋಣಿಗೆ ಬಿಗಿ ಕೊಡುತ್ತದೆ. ಅಲೆಯ ಮೇಲೆ ವೇಗವಾಗಿ ಹಾರಿ ಬೀಳುವಾಗ ಒಡಲು ತಿರುಚದಂತೆ ಹಿಡಿಯುವುದರಲ್ಲಿ ಅದರದೂ ಪಾಲಿದೆ. ಅದನ್ನು ಸುಮ್ಮನೆ ಬಿಡಿ ಹಲಗೆಯಾಗಿ ಇಟ್ಟರೆ ದೋಣಿ ಸಡಿಲಾಗುತ್ತದೆ ಎನ್ನುತ್ತಾರೆ ಬಲ್ಲವರು. ಒಪ್ಪುತ್ತೇನೆ. ಬೆಸೆಯಬೇಕಾದ ನೆಲವನ್ನು ಬೆಸೆಯಲೇಬೇಕು. ಎತ್ತಿ ನೋಡಬೇಕು ಎನ್ನುವಾಗ ಇಡೀ ನೆಲ ಕೈಗೆ ಬರಬೇಕೆಂದು ನಾನು ಹೇಳುತ್ತಿಲ್ಲ. ತೊಲೆಗಳ ನಡುವಿನ ಒಂದೊಂದು ಅಂಕಣಕ್ಕೂ ಕೈ ತೂರುವಷ್ಟು ಅಗಲದ ದುಂಡು ಮುಚ್ಚಳ, ತಿರುಗಿಸಿದರೆ ತೆರೆಯುವಂಥದ್ದು, ಸಾಕು. ರಬ್ಬರ್ ಬಳೆಯಿರುವ ಪ್ಲಾಸ್ಟಿಕ್ ಮುಚ್ಚಳಗಳು ದೋಣಿ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ, ಬೆಲೆ ಹಾಸಿನ ಬೆಲೆಯ ಸಣ್ಣ ಪಾಲು. ಫೋಮ್ ಮತ್ತೆ ಸುರಿಯುವಾಗ ತಳದಲ್ಲಿ ಉದ್ದಕ್ಕೆ ನೀರು ಹರಿಯುವ ಕಾಲುವೆ ಬಿಡಬೇಕು, ತೊಲೆಗಳಲ್ಲಿ ನೀರು ದಾಟುವ ಕಿಂಡಿ ಮುಚ್ಚಿಹೋಗದಂತೆ ಕೊಳವೆ ಇಡಬೇಕು. ಫೋಮ್ ಬೇಡವೇ ಬೇಡ ಎಂದು ಕಿತ್ತೆಸೆಯುವವರೂ ಇದ್ದಾರೆ. ಅದು ತಪ್ಪು. ಮುಳುಗದಿರುವ ಗುಣವನ್ನು ಕೊಟ್ಟು ಒಣ ನೆಲವನ್ನು ಕೊಳ್ಳುವ ವ್ಯಾಪಾರ ಯಾರಿಗೂ ಗಿಟ್ಟುವುದಿಲ್ಲ.

ಇನ್ನೊಂದು ಆಕ್ಷೇಪ ಹೊಸ ಕಾಲದ್ದು. ಮರವನ್ನೇ ಬಿಡಿ, ಗ್ಲಾಸ್ ಎಳೆ ಸೇರಿಸಿದ ಗಟ್ಟಿ ಪಾಲಿಯುರೆಥೇನ್ ಹಲಗೆ ಬಂದಿದೆ, ಕೂಸಾ ಎಂಬ ಹೆಸರಲ್ಲಿ ಅಮೆರಿಕದಲ್ಲಿ ಎಲ್ಲರಿಗೂ ಗೊತ್ತು, ಕೊಳೆಯುವುದಿಲ್ಲ, ಪ್ಲೈವುಡ್‌ಗಿಂತ ಹಗುರ. ಹೀಗಿರುವಾಗ ಎತ್ತಿ ನೋಡುವ ಉಸಾಬರಿ ಯಾಕೆ? ಎಂಟು ಅಡಿಗೆ ನಾಲ್ಕು ಅಡಿಯ 19 ಮಿಲಿಮೀಟರ್ ಪ್ಲೈವುಡ್ ಹಾಳೆ 30 ಕಿಲೋ ದಾಟುತ್ತದೆ, ಆದ್ದರಿಂದ ಹಗುರಾಗುವ ಲಾಭ ನಿಜವಾದದ್ದೇ. ಕೈಯಲ್ಲಿ ಹಣವಿದ್ದರೆ, ದೋಣಿ ಇನ್ನೂ ಇಪ್ಪತ್ತು ವರ್ಷ ಬೇಕೆಂದಿದ್ದರೆ ಅದನ್ನೇ ಹಾಕಿಸಿ. ಆದರೆ ಅಂಥ ಹಲಗೆ ಪ್ಲೈವುಡ್‌ನಷ್ಟು ಬಿಗಿಯಾಗಿ ಸ್ಕ್ರೂ ಹಿಡಿಯುವುದಿಲ್ಲ, ಸೀಟಿನ ಕೆಳಗೆ ಬೇರೆ ಆಧಾರ ಕೊಡಬೇಕು. ಕೊಳೆಯದ ನೆಲದ ಕೆಳಗೂ ಫೋಮ್ ನೀರು ಕುಡಿಯುತ್ತದೆ, ಇಂಧನ ಟ್ಯಾಂಕಿನ ಕೊಳವೆ ಹಳತಾಗುತ್ತದೆ, ವೈರು ಹಸಿರುಗಟ್ಟುತ್ತದೆ. ಟ್ಯಾಂಕು ನೆಲದಡಿ ಇರುವ ದೋಣಿಯಲ್ಲಿ ಪೆಟ್ರೋಲ್ ಕೊಳವೆಯನ್ನು ಕಣ್ಣಾರೆ ನೋಡಲು ದಾರಿಯಿಲ್ಲದೆ ನೆಲ ಮುಚ್ಚುವುದು ಕೊಳೆಗಿಂತಲೂ ಅಪಾಯದ ಕೆಲಸ. ಬಿಡಿ ಹಾಸು ಕಾಲಡಿ ಸರಿಯುತ್ತದೆ, ಮಕ್ಕಳು ಎಡವುತ್ತಾರೆ ಎನ್ನುವವರಿಗೆ ಉತ್ತರ ಚಿಕ್ಕದು: ಅಂಚಿನ ಗುಂಡಿಗಳನ್ನು ಒಂದು ಗೇಣಿಗೊಂದರಂತೆ ಹಾಕಿಸಿ, ಉಪ್ಪುನೀರಿಗಾದರೆ ಸ್ಟೇನ್‌ಲೆಸ್ ಸ್ಟೀಲಿನದು. ಆ ಗುಂಡಿಗಳ ಬುಡಕ್ಕೂ ಎಪಾಕ್ಸಿ ತುಂಬಿದ ತೂತೇ ಬೇಕು.

ಇದೆಲ್ಲ ದೂರದ ಸರೋವರಗಳ ಚಿಂತೆ ಎಂದು ನಾವು ಕೈ ತೊಳೆದುಕೊಳ್ಳುವಂತಿಲ್ಲ. ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ, ಕಾರವಾರದ ಕಾಳಿ ನದಿಯಲ್ಲಿ, ಕಬಿನಿ ಮತ್ತು ಶರಾವತಿಯ ಹಿನ್ನೀರಿನಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಓಡುವ ಮೋಟಾರ್ ಬೋಟುಗಳಿವೆ. ಇಲ್ಲೂ ಫೈಬರ್ ಬೋಟಿನ ನೆಲದೊಳಗೆ ಪ್ಲೈವುಡ್ ಅಪರೂಪವಲ್ಲ. ಮಳೆಗಾಲದಲ್ಲಿ ಸೇಂಟ್ ಮೇರಿಸ್ ಯಾನ ನಿಂತು ಬೋಟುಗಳು ತಿಂಗಳುಗಟ್ಟಲೆ ಸುಮ್ಮನಿರುತ್ತವೆ. ಉಡುಪಿ ಜಿಲ್ಲೆಯ ವಾರ್ಷಿಕ ಮಳೆ ಸುಮಾರು 4,000 ಮಿಲಿಮೀಟರ್, ಅದರ ಸಿಂಹಪಾಲು ಸುರಿಯುವುದು ಅದೇ ತಿಂಗಳುಗಳಲ್ಲಿ. ಬೆಚ್ಚಗಿನ ಹವೆ, ಆರದ ತೇವ, ಟಾರ್ಪಾಲಿನಡಿ ನಿಂತ ಗಾಳಿ: ಮಿನ್ನೆಸೋಟದ ಶಿಲೀಂಧ್ರಕ್ಕೆ ಇಷ್ಟು ಅನುಕೂಲ ಯಾವತ್ತೂ ಸಿಕ್ಕಿರಲಾರದು. ಅಲ್ಲಿ ಕೆಟ್ಟ ನೆಲದ ಫಲ ಉಣ್ಣುವವರು ಹೆಚ್ಚಾಗಿ ಮಾಲೀಕ ಮತ್ತು ಅವನ ಮನೆಯವರು. ಇಲ್ಲಿ ಟಿಕೆಟ್ ಕೊಂಡು ಹತ್ತಿದವರು. ಅವರಿಗೆ ಕಾಣುವುದು ಹಬ್ಬದ ರಜೆಗೆ ಮುಂಚೆ ಹಾಸಿದ ಹೊಸ ಹಸಿರು ಮ್ಯಾಟ್.

1917ರ ಹಳೆಯ ಕಾನೂನಿನ ಜಾಗಕ್ಕೆ ಬಂದ 2021ರ ಒಳನಾಡು ಹಡಗು ಕಾಯ್ದೆಯ ಪ್ರಕಾರ ಯಂತ್ರದಿಂದ ಓಡುವ ದೋಣಿಗಳಿಗೆ ತಪಾಸಣೆ, ನೋಂದಣಿ ಎರಡೂ ಬೇಕು. ತಪಾಸಣೆಗೆ ಬಂದ ಅಧಿಕಾರಿ ಲೈಫ್ ಜಾಕೆಟ್ ಎಣಿಸಬಹುದು, ಎಂಜಿನ್ ಚಾಲೂ ಮಾಡಿಸಬಹುದು. ಅಂಟಿಸಿದ ನೆಲದ ಕೆಳಗಿನದನ್ನು ಅವನಾದರೂ ಹೇಗೆ ನೋಡಬೇಕು? ಪ್ರವಾಸಿ ದೋಣಿಯ ನೆಲದಲ್ಲಿ ನೋಡುಕಿಂಡಿ ಇರಲೇಬೇಕೆಂದು, ತಪಾಸಣೆಯ ದಿನ ಹಾಸು ತೆಗೆದು ತೋರಿಸಬೇಕೆಂದು, ದೋಣಿಯನ್ನು ಆಗಾಗ ತೂಗಿ ಮೊದಲಿನ ತೂಕದ ಜೊತೆ ಹೋಲಿಸಬೇಕೆಂದು ನಿಯಮ ಮಾಡಿದರೆ ಸರ್ಕಾರಕ್ಕೆ ದೊಡ್ಡ ಖರ್ಚೇನೂ ಇಲ್ಲ. ಸಣ್ಣ ಮಾಲೀಕನಿಗೆ ಇದು ಹೊರೆ ಎಂಬ ಮಾತು ಬಂದೇ ಬರುತ್ತದೆ. ಹಾಸನ್ನು ಎರಡು ಮೂರು ವರ್ಷಕ್ಕೊಮ್ಮೆ ಬದಲಿಸುವ ಖರ್ಚು ಅವನು ಈಗಲೂ ಮಾಡುತ್ತಿದ್ದಾನೆ. ನಾಲ್ಕು ಮುಚ್ಚಳದ ಬೆಲೆ ಅದಕ್ಕಿಂತ ಹೆಚ್ಚಲ್ಲ, ಕುಂಬಾದ ತೊಲೆಯ ಬೆಲೆಯ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಎಲ್ಲ ಅಂಕಣಕ್ಕೂ ಹಾಕಿಸಲು ಆಗದವರು ಒಂದನ್ನಾದರೂ ಹಿಂಬದಿಯಲ್ಲಿ, ಎಂಜಿನ್ ತೂಗುವ ಹಲಗೆಯ ಹತ್ತಿರ, ತಳದ ನಡುಗೆರೆಯ ಮೇಲೆ ಹಾಕಿಸಲಿ. ಮೂತಿ ಮೇಲಾಗಿ ನಿಲ್ಲಿಸಿದ ದೋಣಿಯಲ್ಲಿ ನೀರು ಬಂದು ಸೇರುವುದು ಅಲ್ಲಿಗೇ.